ಮೊಣಕೈ ಆಳದ ನೀರು

ಏಪ್ರಿಲ್ 9

ಪ್ರಿಯ ತಮ್ಮ,

ಈ ಪತ್ರದ ಜೊತೆ ಬಸ್ ಪಾರ್ಸೆಲ್‌ನಲ್ಲಿ ಒಂದು ಸೀಸೆ ಬಂದಿರುತ್ತದೆ. ಮುಚ್ಚಳ ತೆಗೆಯುವ ಮುಂಚೆ ಮೂಗು ಮುಚ್ಚಿಕೋ. ಅದು ನಮ್ಮ ನಗರಸಭೆಯ ಈಜುಕೊಳದ ನೀರು. ಡಾಕ್ಟರು ಅಮ್ಮನ ಮಂಡಿ ಒತ್ತಿ ನೋಡಿ, "ನೀರಲ್ಲಿ ನಡೀಲಿ, ಆಗೋದಾದ್ರೆ ಸ್ವಲ್ಪ ಈಜಲಿ" ಎಂದದ್ದೇ ತಡ, ನೀನು ಅಲ್ಲಿಂದಲೇ "ಮೊದಲು ನೀರು ಕಳಿಸಿ, ನಮ್ಮ ಲ್ಯಾಬಿನಲ್ಲಿ ಪರೀಕ್ಷೆ ಮಾಡಿ ಹೇಳುತ್ತೇನೆ" ಎಂದು ಅಪ್ಪಣೆ ಹೊರಡಿಸಿದೆ. ಅಪ್ಪಣೆ ಹೊರಡಿಸುವವನಿಗೇನು, ಹೋಗಿ ತುಂಬುವವಳು ನಾನು ತಾನೇ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಂಗಡಿಯ ಮೇಲಿನ ಈ ಎರಡು ಕೋಣೆಯಲ್ಲಿ ನಾನು ಫೋನ್ ಎತ್ತಿದರೆ ಸಾಕು, ಅಮ್ಮ ಟಿವಿ ಸದ್ದು ಕಡಿಮೆ ಮಾಡುತ್ತಾಳೆ. ಅವಳ ವಿಷಯವನ್ನು ಅವಳ ಕಿವಿಗೆ ಬೀಳದ ಹಾಗೆ ಮಾತಾಡುವುದು ನನ್ನ ಕೈಲಾಗದ ಕೆಲಸ. ಅದಕ್ಕೇ ಕೌಂಟರಿನಲ್ಲಿ ಕೂತು ಬರೆಯುತ್ತಿದ್ದೇನೆ.

ನಾನು ಡ್ರೈಕ್ಲೀನಿಂಗ್ ಅಂಗಡಿ ಇಟ್ಟವಳು. ಊರವರ ಕಾಲರಿನ ಜಿಡ್ಡು, ಕಂಕುಳ ಬೆವರು, ಹೊಸ ಸೂಟಿನ ಮೇಲಿನ ವಾಂತಿ, ಎಲ್ಲವನ್ನೂ ಕೈಯಾರೆ ಉಜ್ಜಿದವಳು. ಅಂಥವಳೂ ಅಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡೆ ಎಂದರೆ ನೀನೇ ಊಹಿಸಿಕೋ. ಕೊಳದ ಮೂಲೆಯಲ್ಲಿ ಯಾರ್‍ಯಾರದೋ ತಲೆಗೂದಲು ಸೇರಿ ಒಂದು ಚಾಪೆಯೇ ಆಗಿದೆ. ಗಾಯದ ಪಟ್ಟಿಯೊಂದು ತೇಲಿಕೊಂಡು ಬಂದು ನನ್ನ ಕಡೆ ನೋಡಿ ಹೋಯಿತು. ಆಳವಿಲ್ಲದ ಕಡೆ ಒಬ್ಬ ದಡೂತಿ ಮನುಷ್ಯ ಅಲುಗಾಡದೆ ನಿಂತಿದ್ದ. ಅವನ ಮುಖದ ಮೇಲೆ ಇದ್ದಕ್ಕಿದ್ದಂತೆ ಒಂದು ನೆಮ್ಮದಿ ಮೂಡಿತು. ನೀರಿನಲ್ಲಿ ನಿಂತ ಮನುಷ್ಯನಿಗೆ ಹಾಗೆ ನೆಮ್ಮದಿಯಾಗಲು ಒಂದೇ ಕಾರಣ ಇರಲು ಸಾಧ್ಯ.

ಅಮ್ಮ ಮಾತ್ರ ಕಾಲು ಇಳಿಬಿಟ್ಟು, "ನೀರು ಬೆಚ್ಚಗಿದೆ ಕಣೇ" ಅಂದಳು. ಬೆಚ್ಚಗಿರದೆ ಇನ್ನೇನು!

ನಿನ್ನ ಅಕ್ಕ

*

ಏಪ್ರಿಲ್ 15

ಅಕ್ಕಾ,

ಸೀಸೆ ಬಂತು, ಪರೀಕ್ಷೆಯೂ ಆಯಿತು. ಕ್ಲೋರಿನ್ ಹೆಸರಿಗಷ್ಟೇ ಇದೆ. ಅಮ್ಮನನ್ನು ಆ ಕೊಳಕ್ಕೆ ಮತ್ತೆ ಕರೆದುಕೊಂಡು ಹೋಗಬೇಡ.

ಇನ್ನೊಂದು ಮಾತು. ನೀನು ಸೀಸೆ ತುಂಬಿದ ರೀತಿ ಸರಿಯಿಲ್ಲ. ಮೇಲುಮೇಲಿನ ನೀರು ಗೋರಿದ್ದೀಯ, ಅದು ಲೆಕ್ಕಕ್ಕಿಲ್ಲ. ಸೊಂಟದ ಆಳದವರೆಗೆ ನಡೆದು ಹೋಗಬೇಕು. ಮುಚ್ಚಳ ಹಾಕಿದ ಸೀಸೆಯನ್ನು ಮೊಣಕೈ ಮುಳುಗುವ ತನಕ ಇಳಿಸಬೇಕು. ಒಳಗೇ ಮುಚ್ಚಳ ತೆಗೆದು, ತುಂಬಿದ ಮೇಲೆ ಒಳಗೇ ಮುಚ್ಚಬೇಕು. ಆಮೇಲೆ ಐಸ್ ಡಬ್ಬದಲ್ಲಿಟ್ಟು ಅದೇ ದಿನದ ಬಸ್ಸಿಗೆ ಕೊಡು. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗರಿಗೂ ಇದನ್ನೇ ಹತ್ತು ಸಲ ಹೇಳುತ್ತೇನೆ.

ಸಮುದ್ರಕ್ಕೆ ಒಂದು ರಾತ್ರಿಯ ರೈಲು ಪ್ರಯಾಣ ಎಂದ ಮಾತ್ರಕ್ಕೆ ನಮ್ಮ ಊರಿಗೆ ನೀರೇ ಇಲ್ಲವೇ? ಹಳೆಯ ಕಲ್ಲು ಕ್ವಾರಿ ಇದೆ. ಜಲಾಶಯದ ದಂಡೆಗೆ ಮರಳು ಸುರಿದು ಬೀಚ್ ಮಾಡಿದ್ದಾರೆಂದು ಓದಿದೆ. ಅಲ್ಲಿಗೆಲ್ಲ ಹೋಗಿ ನೋಡು. ನಾನೇ ಬರುತ್ತಿದ್ದೆ, ಬೇಸಿಗೆಯಲ್ಲಿ ಲ್ಯಾಬಿನಲ್ಲಿ ಉಸಿರಾಡಲೂ ಬಿಡುವಿಲ್ಲ.

ನಿನ್ನ ತಮ್ಮ

*

ಏಪ್ರಿಲ್ 24

ಪ್ರಿಯ ಸೀಸೆ ಪಂಡಿತನಿಗೆ,

ಕ್ವಾರಿಗೆ ಹೋದೆವು. ಅಲ್ಲಿಂದ ಸೀಸೆ ಕಳಿಸುತ್ತಿಲ್ಲ. ನೀರಿನ ಮೇಲೆ ಒಂದು ನಾಯಿ ಇತ್ತು. ಈಜುತ್ತಿರಲಿಲ್ಲ.

ಆಮೇಲೆ ನೀನು ಓದಿದ ಆ ಬೀಚು. ಜಲಾಶಯದ ಕೆಸರು ದಂಡೆಗೆ ಲಾರಿಗಟ್ಟಲೆ ಮರಳು ಸುರಿದು, ಪ್ಲಾಸ್ಟಿಕ್ ಈಚಲು ಮರ ನೆಟ್ಟು, ನಾಲ್ಕು ಕೊಡೆ ಬಿಡಿಸಿ, ಧ್ವನಿವರ್ಧಕದಲ್ಲಿ ಅಲೆಗಳ ಸದ್ದು ಹಾಕಿದ್ದಾರೆ! ಅಲೆ ಇಲ್ಲದ ನೀರಿಗೆ ಅಲೆಯ ಸದ್ದು. ಸಮುದ್ರ ಕಾಣದ ಊರಿನವರು ನಾವು, ಇಡೀ ಊರೇ ಅಲ್ಲಿ ಬಿದ್ದುಕೊಂಡಿದೆ. ನನ್ನ ಅಂಗಡಿಗೆ ಇಸ್ತ್ರಿ ಗೆರೆ ಒಂದು ಕೂದಲೆಳೆ ಆಚೀಚೆ ಆದರೂ ಜಗಳಕ್ಕೆ ಬರುವ ಬ್ಯಾಂಕ್ ಮ್ಯಾನೇಜರು ಅಲ್ಲಿ ತೂತು ಬನಿಯನ್ನಿನಲ್ಲಿ ಮಲಗಿ ಹೊಟ್ಟೆ ಕೆರೆದುಕೊಳ್ಳುತ್ತಿದ್ದರು. ಮರಳಿನಲ್ಲಿ ಕೈಯಿಟ್ಟರೆ ಸಿಗರೇಟು ತುಂಡು, ತಿಂದ ಜೋಳದ ದಿಂಡು. ಇನ್ನೂ ಒಂದು ಅಂಗುಲ ಕೆದಕಿದರೆ ಮಗುವಿನ ಡಯಾಪರು, ಮಡಿಸಿ ಜೋಪಾನವಾಗಿ ಹೂತದ್ದು. ಬಟ್ಟೆ ಬದಲಿಸುವ ಕೋಣೆಯ ನೆಲದ ಮೇಲೆ ನಾನು ಹೆಬ್ಬೆರಳಿನ ಮೇಲೆ ನಿಂತೆ, ಬ್ಯಾಲೆ ಕುಣಿಯುವವಳ ಹಾಗೆ.

ಅಮ್ಮನಿಗೆ ಆ ಜಾಗ ಬಹಳ ಹಿಡಿಸಿಬಿಟ್ಟಿದೆ.

ನನಗೆ ಹೇಳದೆ ಒಂದು ಈಜುಡುಗೆ ಕೊಂಡಿದ್ದಾಳೆ. ಕಡುನೀಲಿ, ಮಂಡಿಯವರೆಗೆ. ಅದನ್ನು ಹಾಕಿಕೊಂಡು ಆ ಕೋಣೆಯಿಂದ ಹೊರಗೆ ಬಂದಾಗ ನಾನು ಬೇರೆ ಯಾರನ್ನೋ ನೋಡುವವಳ ಹಾಗೆ ಮುಖ ತಿರುಗಿಸಿದೆ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ನಾಚಿಕೆಯಾಯಿತು.

ಅಲ್ಲಿ ಒಬ್ಬ ಮನುಷ್ಯ ಇದ್ದಾರೆ. ನಿವೃತ್ತ ಬಸ್ ಕಂಡಕ್ಟರಂತೆ. ಹೆಂಡತಿ ತೀರಿಕೊಂಡು ಆರು ವರ್ಷವಾಯಿತಂತೆ. ಮಗಳ ಮನೆಯ ಮಹಡಿಯಲ್ಲಿ ಒಬ್ಬರೇ ಇರುವುದಂತೆ. ಇಷ್ಟೊಂದು ಅಂತೆಗಳು ಅಮ್ಮನಿಗೆ ಒಂದೇ ಬೆಳಗಿನಲ್ಲಿ ಹೇಗೆ ಗೊತ್ತಾದವೋ. ಆಸಾಮಿ ಅವಳ ಎರಡೂ ಕೈ ಹಿಡಿದುಕೊಂಡು ಹಿಂದೆ ಹಿಂದೆ ನಡೆಯುತ್ತಾರೆ, "ಮುಂದೆ ಬನ್ನಿ, ಮುಂದೆ ಬನ್ನಿ, ಬೇಕಾದಷ್ಟು ಜಾಗ ಇದೆ" ಎನ್ನುತ್ತಾ. ಅಮ್ಮ ಕಾಲು ಬಡಿಯುತ್ತಾ ಕಿಸಕಿಸ ನಗುತ್ತಾಳೆ. ಊರಿನ ಅರ್ಧ ಜನ ನನ್ನ ಗಿರಾಕಿಗಳು, ಅವರೆಲ್ಲ ನೋಡುತ್ತಿದ್ದರು. ಅಸಹ್ಯವೆಂದರೆ ಅಸಹ್ಯ. ಬೇಡ ಎಂದು ನಾನು ಹೇಳಿದರೆ ಕೇಳುವವಳಲ್ಲ. ನೀನೇ ಏನಾದರೂ ಹೇಳು.

ಬೀಚಿನ ಸೀಸೆ ಜೊತೆಗಿದೆ. ನೀನು ಹೇಳಿದ ಹಾಗೇ ತುಂಬಿದ್ದೇನೆ.

ಅಕ್ಕ

*

ಮೇ 2

ಅಕ್ಕಾ,

ಬೀಚಿನ ನೀರು ತೀರಾ ಕೆಟ್ಟದಾಗಿದೆ. ಮನುಷ್ಯರ ಮಲದಲ್ಲಿರುವ ಬ್ಯಾಕ್ಟೀರಿಯಾ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು. ಇದಕ್ಕಿಂತ ಕೆಟ್ಟ ನೀರನ್ನು ನಾನು ಈ ವರ್ಷ ನೋಡಿಲ್ಲ. ಅಮ್ಮ ಇನ್ನೊಂದು ದಿನವೂ ಅಲ್ಲಿಗೆ ಹೋಗಕೂಡದು.

ನಾನು ಯೋಚಿಸಿದ್ದೇನೆ. ಅವಳು ಇಲ್ಲಿಗೇ ಬಂದು ಇರಲಿ. ಮುಂದಿನ ಕೋಣೆ ಖಾಲಿ ಮಾಡಿಸಿ ಸುಣ್ಣ ಹೊಡೆಸಿದ್ದೇನೆ. ಮಂಡಿಗೆ ಇಲ್ಲಿ ಒಳ್ಳೆಯ ಮಾತ್ರೆ ಸಿಗುತ್ತವೆ, ನೀರೇ ಬೇಕೆಂದಿಲ್ಲ. ಬರುವ ವಾರ ಟಿಕೆಟ್ ಮಾಡಿಸುತ್ತೇನೆ.

ತಮ್ಮ

ಆ ಕಂಡಕ್ಟರಿಗೆ ವಯಸ್ಸೆಷ್ಟು?

*

ಮೇ 7

ತಮ್ಮಾ,

ನಿನ್ನ ಪತ್ರವನ್ನು ಅಮ್ಮನ ಮುಂದೆಯೇ ಜೋರಾಗಿ ಓದಿದೆ. ಓದುತ್ತಾ ಓದುತ್ತಾ ನಗು ತಡೆಯಲಾಗಲಿಲ್ಲ. ಯಾಕೆ ಗೊತ್ತೇ? ನೀನು ಪರೀಕ್ಷೆ ಮಾಡಿದ ಆ ನೀರು ನಮ್ಮ ಅಡುಗೆಮನೆಯ ಫಿಲ್ಟರಿನದು!

ಹೌದು. ಆ ಬೀಚಿನ ನೀರಿಗೆ ಮೊಣಕೈವರೆಗೆ ಕೈ ಇಳಿಸಲು ನನ್ನಿಂದ ಆಗಲಿಲ್ಲ. ಪಾದ ಇಟ್ಟೆ, ಏನೋ ಮೆತ್ತಗಿನದು ತಾಗಿತು, ಓಡಿ ಬಂದೆ. ಮನೆಗೆ ಬಂದು ಫಿಲ್ಟರಿನ ನಲ್ಲಿ ತಿರುಗಿಸಿ ಸೀಸೆ ತುಂಬಿದೆ. ತಪ್ಪು ನನ್ನದೇ, ಬೈದುಕೋ. ಆದರೆ ದಿನಾ ಬೆಳಿಗ್ಗೆ ನಾವು ಕುಡಿಯುವ ನೀರಿನಲ್ಲಿ ಊರಿನ ಮಲವೆಲ್ಲ ಇದೆ ಎಂದು ಬರೆದಿದ್ದೀಯಲ್ಲ, ನಿನಗೆ ಏನನ್ನಬೇಕು?

ಅಮ್ಮನೂ ಮೊದಲು ನಕ್ಕಳು. ಆಮೇಲೆ "ಕೋಣೆಗೆ ಸುಣ್ಣ ಹೊಡೆಸಿದ್ದಾನಾ?" ಎಂದು ಕೇಳಿದಳು. ಹೂಂ ಎಂದೆ. ತಟ್ಟೆಯಲ್ಲಿ ಅರ್ಧ ಹಾಗೇ ಬಿಟ್ಟು ಎದ್ದು ಹೋದಳು.

ನಾನು ದಿನವಿಡೀ ಕಲೆಗಳನ್ನು ನೋಡುತ್ತೇನೆ. ಎಣ್ಣೆ, ರಕ್ತ, ಶಾಯಿ, ಯಾವುದೂ ಹೇಸಿಗೆ ಅನಿಸಿಲ್ಲ. ನಿನ್ನ ಈ ಪತ್ರ ಮುಟ್ಟಲು ಹೇಸಿಗೆ ಅನಿಸಿತು. ಸೀಸೆಯ ಮುಚ್ಚಳವನ್ನಾದರೂ ತೆಗೆದಿದ್ದೆಯಾ?

ಅಕ್ಕ

*

ಮೇ 13

ಅಕ್ಕಾ,

ಮೊದಲು ನಿಮ್ಮ ಫಿಲ್ಟರೇ ಕೆಟ್ಟಿದೆ ಎಂದು ಬರೆಯಲು ಕೂತೆ. ಎರಡು ಹಾಳೆ ಬರೆದು ಹರಿದೆ.

ಮುಚ್ಚಳ ತೆಗೆದಿರಲಿಲ್ಲ. ಸೀಸೆ ಇನ್ನೂ ನಮ್ಮ ಲ್ಯಾಬಿನ ಫ್ರಿಜ್ಜಿನಲ್ಲಿದೆ. ಕಂಡಕ್ಟರ ವಿಷಯದ ನಿನ್ನ ಪತ್ರ ಓದಿದ ಮೇಲೆ ಬೇರೆ ಯಾವ ಕೆಲಸವೂ ತಲೆಗೆ ಹತ್ತಲಿಲ್ಲ. ಈ ವಯಸ್ಸಿನಲ್ಲಿ ಯಾರದೋ ಕೈ ಹಿಡಿದುಕೊಂಡು, ಇಡೀ ಊರಿನ ಎದುರು! ಅಸಹ್ಯ ಎಂದು ಬರೆದವಳು ನೀನು. ಏನಾದರೂ ಹೇಳು ಎಂದವಳೂ ನೀನೇ. ನನಗೆ ಬರುವುದು ಇದೊಂದೇ ಭಾಷೆ, ಅದರಲ್ಲೇ ಹೇಳಿದೆ. ಹದಿನೆಂಟು ವರ್ಷದ ನೌಕರಿಯಲ್ಲಿ ಒಂದೇ ಒಂದು ಸುಳ್ಳು ವರದಿ ಬರೆದವನಲ್ಲ. ಮೊದಲನೆಯದನ್ನು ಅಮ್ಮನ ವಿಷಯದಲ್ಲಿ ಬರೆದೆ.

ನನ್ನ ಮೇಲೆ ಬೇಕಾದಷ್ಟು ಸಿಟ್ಟು ಮಾಡು. ಆದರೆ ಒಂದು ಯೋಚನೆ ನನಗೆ ನಿದ್ದೆ ಕೊಡುತ್ತಿಲ್ಲ. ಆ ನೀರು ನಿಜವಾಗಿ ಹೇಗಿದೆಯೆಂದು ನಮ್ಮಿಬ್ಬರಿಗೂ ಗೊತ್ತಿಲ್ಲ. ಅಮ್ಮ ಮಾತ್ರ ಅದರಲ್ಲಿ ದಿನಾ ಮುಳುಗೇಳುತ್ತಿದ್ದಾಳೆ. ದಯವಿಟ್ಟು ಒಂದು ಸಲ ನಿಜವಾದ ಸೀಸೆ ಕಳಿಸು.

ತಮ್ಮ

*

ಮೇ 22

ತಮ್ಮಾ,

ಸೀಸೆ ಕಳಿಸಿದ್ದೇನೆ. ಈ ಸಲ ನಿಜವಾದದ್ದು. ಸ್ನಾನದ ಸೋಪು ಒಂದು ಪೂರ್ತಿ ಕರಗಿತು.

ಸೊಂಟದವರೆಗೆ ಹೋದೆ. ಕಾಲ್ಬೆರಳ ಸಂದಿಯಲ್ಲಿ ಕೆಸರು ನುಗ್ಗಿ ಬಂತು, ಬೆಚ್ಚಗೆ. ಬೇಸಿಗೆಗೆ ನೀರು ಇಳಿದು ಬಣ್ಣ ತಿರುಗಿದೆ, ತಿಂಗಳ ಹಿಂದಿನ ಹಾಗಿಲ್ಲ. ಮೇಲೆ ಎಣ್ಣೆಯ ಪೊರೆ, ಅದರ ಮೇಲೆ ಯಾರೋ ಉಗುಳಿದ ಚೂಯಿಂಗ್ ಗಮ್ಮು. ಮೊಣಕೈ ಮುಳುಗಿಸಿದಾಗ ಮಣಿಕಟ್ಟಿಗೆ ಏನೋ ಸುತ್ತಿಕೊಂಡಿತು. ನಾನು ನೋಡಲಿಲ್ಲ. ಒಳಗೇ ಮುಚ್ಚಳ ತೆಗೆದೆ, ಒಳಗೇ ಮುಚ್ಚಿದೆ. ದಂಡೆಗೆ ಬಂದು ಪ್ಲಾಸ್ಟಿಕ್ ಈಚಲು ಮರದ ಬುಡದಲ್ಲಿ ವಾಂತಿ ಮಾಡಿಕೊಂಡೆ. ಮರಕ್ಕೆ ಅದೊಂದು ಕಡಿಮೆಯಾಗಿತ್ತು.

ಕಂಡಕ್ಟರ ಜೊತೆ ಜಗಳವೂ ಆಯಿತು. ನಿನ್ನ ಮೇಲಿನ ಸಿಟ್ಟು ನಿನ್ನದು, ಅವರ ಮೇಲಿನದು ಬೇರೆ. ಅಮ್ಮ ಬಟ್ಟೆ ಬದಲಿಸಲು ಹೋದಾಗ ನೇರವಾಗಿ ಕೇಳಿಬಿಟ್ಟೆ, "ನಿಮ್ಮ ವಯಸ್ಸಿಗೆ ನಾಚಿಕೆ ಆಗಲ್ವಾ?" ಅಂತ. ಆ ಮನುಷ್ಯ ಸಿಟ್ಟಾಗಲಿಲ್ಲ. "ಆಗುತ್ತಮ್ಮಾ. ಅದಕ್ಕೇ ಕುತ್ತಿಗೆವರೆಗೂ ನೀರಲ್ಲಿ ನಿಂತ್ಕೋತೀನಿ" ಅಂದರು. ಅಂದಿನಿಂದ ನಾನು ಬಂದರೆ ಆಚೆ ದಂಡೆಗೆ ಹೋಗಿ ಕೂರುತ್ತಾರೆ.

ನಿನಗೆ ಇದುವರೆಗೆ ಬರೆಯದ ಒಂದು ಮಾತು. ಮನೆಯಲ್ಲಿ ಎದ್ದರೆ ಒಂದು ಸಲ, ಕೂತರೆ ಒಂದು ಸಲ "ಅಮ್ಮಾ" ಎಂದು ನರಳುವವಳು ನೀರಿನಲ್ಲಿ ಒಂದು ಸಲವೂ ನರಳುವುದಿಲ್ಲ. ಈಗ ಯಾರ ಕೈಯೂ ಬೇಕಿಲ್ಲ ಅವಳಿಗೆ. ಅಂಗಾತ ಮಲಗಿ ಕಣ್ಣು ಮುಚ್ಚಿ ತೇಲುತ್ತಾಳೆ. ನೀರು ಚೆನ್ನಾಗಿರಲಿ ಎಂದು ನಾನು ಮೊದಲ ಸಲ ಬಯಸಿದೆ.

ಅಕ್ಕ

*

ಮೇ 29

ಅಕ್ಕಾ,

ನೀರು ಚೆನ್ನಾಗಿಲ್ಲ.

ನಾನು ಹಿಂದೆ ಸುಳ್ಳು ಹೇಳಿದ್ದಕ್ಕಿಂತ ಕೆಟ್ಟದಾಗಿದೆ. ಮೂರು ಸಲ ಪರೀಕ್ಷೆ ಮಾಡಿದೆ. ನನ್ನ ಮೇಲೆ ನನಗೇ ನಂಬಿಕೆ ಸಾಲದೆ, ಪಕ್ಕದ ಮೇಜಿನ ಸಹೋದ್ಯೋಗಿಗೆ ಎಲ್ಲಿಯ ನೀರು ಎಂದು ಹೇಳದೆ ಕೊಟ್ಟೆ. "ಇದು ಚರಂಡಿ ಬಾಯಿಂದ ತಂದದ್ದಾ?" ಎಂದು ಕೇಳಿದ. ಎಲ್ಲೋ ಒಂದು ಒಳಚರಂಡಿ ಕೊಳವೆ ಜಲಾಶಯಕ್ಕೇ ಬಾಯಿ ಬಿಟ್ಟಿದೆ. ನೀರು ಇಳಿದಷ್ಟೂ ಕೊಳಕು ಗಟ್ಟಿಯಾಗುತ್ತದೆ. ಅಲ್ಲಿನ ಅಧಿಕಾರಿಗಳಿಗೂ ಬರೆದಿದ್ದೇನೆ, ಅವರು ಕದಲುವ ಹೊತ್ತಿಗೆ ಬೇಸಿಗೆ ಮುಗಿದಿರುತ್ತದೆ. ಅಮ್ಮನ ವಯಸ್ಸಿಗೆ ಒಂದು ಸಣ್ಣ ಗಾಯವಾದರೂ ಸಾಕು, ಆಸ್ಪತ್ರೆಗೆ ಸೇರಿಸಬೇಕಾದೀತು.

ಕಂಡಕ್ಟರು ಇರಲಿ ಬಿಡಲಿ, ಇಲ್ಲಿಗೆ ಬರಲಿ ಬಿಡಲಿ. ನಾನು ಅದೇನೂ ಕೇಳುತ್ತಿಲ್ಲ. ಆ ನೀರಿಗೆ ಮಾತ್ರ ಇಳಿಸಬೇಡ. ನಿನ್ನಾಣೆಗೂ ಇದು ನಿಜ.

ತಮ್ಮ

*

ಜೂನ್ 3

ತಮ್ಮಾ,

ನಿನ್ನನ್ನು ನಾನು ನಂಬುತ್ತೇನೆ. ಮಣಿಕಟ್ಟಿನ ಮೇಲೆ ಎದ್ದ ಕಜ್ಜಿ ನಂಬಿಸಿದೆ. ಆದರೆ ಅಮ್ಮ ನಂಬುವುದಿಲ್ಲ.

ನಿನ್ನ ಪತ್ರ ಓದಿ ಹೇಳಿದೆ. ಚೀಲಕ್ಕೆ ಟವಲು ತುರುಕುತ್ತಾ ಕೇಳಿಸಿಕೊಂಡಳು.

"ಹೋದ ಸಲ ನಮ್ಮ ಕುಡಿಯೋ ನೀರೇ ಚರಂಡಿ ಅಂದಿದ್ದ."

"ಅದು ಸುಳ್ಳು, ಇದು ನಿಜ ಅಮ್ಮಾ. ನಾನೇ ನೀರಿಗಿಳಿದು ತುಂಬಿದ್ದು."

"ಹೋದ ಸಲಾನೂ ನೀನೇ ತುಂಬಿದ್ದಲ್ವಾ?"

ಚೀಲ ಹೆಗಲಿಗೇರಿಸಿ, "ನೀವಿಬ್ಬರೂ ಒಂದೇ. ನಿಮಗೆ ನೀರು ಹೇಗಿದ್ರೇನು, ನಾನು ಮನೇಲಿ ಬಿದ್ದಿರ್ಬೇಕು ಅಷ್ಟೇ" ಎಂದು ಮೆಟ್ಟಿಲಿಳಿದು ಹೋದಳು. ಮೊದಲಾದರೆ ಆ ಮೆಟ್ಟಿಲಿಗೆ ನನ್ನ ಹೆಗಲು ಬೇಕಿತ್ತು.

ಅವಳ ಮೊಣಕಾಲಿನ ಕೆಳಗೆ ಒಂದು ತರಚು ಗಾಯವಾಗಿದೆ. ಮುಚ್ಚಿಡುತ್ತಾಳೆ. ನಿನ್ನೆ ಮಲಗಿದಾಗ ನೋಡಿದೆ, ಸುತ್ತ ಕೆಂಪಾಗಿ ಊದಿಕೊಂಡಿದೆ. ಡಾಕ್ಟರ ಹತ್ತಿರ ಎಂದರೆ, "ಅವರಿಗೂ ಹೇಳಿಕೊಟ್ಟಿದ್ದೀರಾ?" ಎನ್ನುತ್ತಾಳೆ.

ಅವಳು ಕೇಳುವುದು ಆ ಕಂಡಕ್ಟರ ಮಾತನ್ನು ಮಾತ್ರ. ನಾನು ಅವರ ಹತ್ತಿರ ಹೋಗಲಾರೆ, ಅಷ್ಟು ಹೊಲಸಾಗಿ ಮಾತಾಡಿದ್ದೇನೆ. ಹೋದರೂ ಇದು ಅವರನ್ನು ಓಡಿಸಲು ಹೂಡಿದ ಹೊಸ ಆಟ ಅಂದುಕೊಳ್ಳುತ್ತಾರೆ. ನೀನು ಬರೆಯಬೇಕು, ಫೋನಿನ ಮಾತಿಗಿಂತ ನಿನ್ನ ಕೈಬರಹವನ್ನು ನಂಬಿಯಾರು. ನಿನಗೆ ಇದು ಎಂಥ ಕಹಿ ಔಷಧಿ ಎಂದು ಬಲ್ಲೆ. ಮೂಗು ಹಿಡಿದುಕೊಂಡಾದರೂ ಕುಡಿ, ಬೇಗ.

ಅಕ್ಕ

*

ಜೂನ್ 8

ಅಕ್ಕಾ, ಒಳಗಿನ ಹಾಳೆಯನ್ನು ಅವರಿಗೆ ಕೊಡು. ಲಕೋಟೆ ಅಂಟಿಸಿಲ್ಲ, ನೀನೂ ಓದು.

ಮಾನ್ಯರೇ,

ನಿಮ್ಮ ಮುಖ ನಾನು ನೋಡಿಲ್ಲ. ನೋಡದೆಯೇ ನಿಮ್ಮ ಬಗ್ಗೆ ಕೆಟ್ಟದಾಗಿ ಯೋಚಿಸಿದೆ. ನಿಮ್ಮಿಂದ ನಮ್ಮ ತಾಯಿಯನ್ನು ದೂರ ಮಾಡಲೆಂದೇ ಸುಳ್ಳು ವರದಿ ಬರೆದೆ. ಇದು ನಿಮಗೆ ಈಗಾಗಲೇ ಗೊತ್ತಿರಬಹುದು.

ಈಗ ಬರೆಯುತ್ತಿರುವುದು ಸುಳ್ಳಲ್ಲ. ನೀವು ಈಜುತ್ತಿರುವ ನೀರಿಗೆ ಒಳಚರಂಡಿ ಸೇರುತ್ತಿದೆ. ತಾಯಿಯವರ ಕಾಲಿನಲ್ಲಿ ಗಾಯವಿದೆ, ಅದು ಊದಿಕೊಂಡಿದೆ. ಇವತ್ತೇ ಡಾಕ್ಟರಿಗೆ ತೋರಿಸಬೇಕು. ನಾನು ಹೇಳಿದರೆ ಅವರು ಕೇಳುವುದಿಲ್ಲ. ಕೇಳದಂತೆ ಮಾಡಿಕೊಂಡವನು ನಾನೇ. ನೀವು ಹೇಳಿದರೆ ಕೇಳುತ್ತಾರೆ.

ನಿಮ್ಮಿಬ್ಬರ ಸ್ನೇಹಕ್ಕೆ ಅಡ್ಡ ಬರಲು ಇದನ್ನು ಬರೆಯುತ್ತಿಲ್ಲ. ಬೇರೆ ಒಳ್ಳೆಯ ನೀರು ಹುಡುಕಿ, ನೀವೇ ಕರೆದುಕೊಂಡು ಹೋಗಿ. ಎಲ್ಲಿಯ ನೀರನ್ನು ಕಳಿಸಿದರೂ ಪರೀಕ್ಷೆ ಮಾಡಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನೀವೂ ಆ ನೀರಿಗೆ ಇಳಿಯಬೇಡಿ.

ಇಂತಿ,
ಅವರ ಮಗ

*

ಜೂನ್ 14

ತಮ್ಮಾ,

ಪತ್ರ ಬಂದ ಬೆಳಿಗ್ಗೆಯೇ ಅಂಗಡಿ ಮುಚ್ಚಿ ಬೀಚಿಗೆ ಹೋದೆ. ಆಚೆ ದಂಡೆಯವರೆಗೆ ನಡೆದು, ಮಾತಾಡದೆ ಹಾಳೆ ಚಾಚಿದೆ. ಕಂಡಕ್ಟರು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ನಿಂತೇ ಓದಿದರು. ಮತ್ತೊಮ್ಮೆ ಓದಿದರು. ಅಮ್ಮ ಸೊಂಟದ ಆಳದಲ್ಲಿದ್ದಳು, ಅವಳ ಸುತ್ತ ಕಂದು ನೊರೆ. ಅವರು ಅಂಗಿ ಪ್ಯಾಂಟಿನಲ್ಲೇ ನೀರಿನ ಅಂಚಿಗೆ ಹೋದರು.

"ಮೇಲೆ ಬನ್ನಿ. ನೀರು ಸರಿ ಇಲ್ಲ."

"ಯಾರಂದ್ರು?"

"ನಿಮ್ಮ ಮಗ."

"ಅವನು ಹೇಳ್ತಾನೇ ಇರ್ತಾನೆ."

"ಈ ಸಲ ನನಗೆ ಬರ್ದಿದ್ದಾನೆ."

ಅಮ್ಮ ತಕ್ಷಣ ಬರಲಿಲ್ಲ. ಸುತ್ತ ಒಮ್ಮೆ ನೋಡಿದಳು, ಮನೆ ಖಾಲಿ ಮಾಡುವಾಗ ನೋಡುವ ಹಾಗೆ. ಆಮೇಲೆ ಮೆಲ್ಲಗೆ ನಡೆದು ಬಂದಳು. ದಂಡೆಗೆ ಕಾಲಿಟ್ಟದ್ದೇ "ಅಮ್ಮಾ" ಎಂದು ನರಳಿದಳು. ಇಬ್ಬರೂ ಸೇರಿ ಅವಳನ್ನು ಆಟೋದಲ್ಲಿ ಕೂರಿಸಿದೆವು. ಡಾಕ್ಟರು ಗಾಯ ತೊಳೆದು, ಕೀವು ತೆಗೆದು ಕಟ್ಟು ಹಾಕಿದ್ದಾರೆ. ಇನ್ನೆರಡು ದಿನ ತಡವಾಗಿದ್ದರೆ ಕಾಲಿಗೇ ಬರುತ್ತಿತ್ತು ಎಂದರು. ಆ ಟವಲುಗಳನ್ನೆಲ್ಲ ಅಂಗಡಿಗೆ ತರಲು ಮನಸ್ಸಾಗಲಿಲ್ಲ, ಬೀದಿಯ ಕಸದ ಡಬ್ಬಿಗೆ ಎಸೆದೆ.

ಸಂಜೆ ಅಮ್ಮ ನಿನ್ನ ಹಾಳೆ ಕೇಳಿದಳು. ಕೊಟ್ಟೆ. ಓದಿದಳು. ಆಮೇಲೆ ನಿನ್ನ ಉಳಿದ ಪತ್ರಗಳನ್ನೂ ಕೇಳಿದಳು. ಕೌಂಟರಿನ ಖಾನೆಯಿಂದ ತಂದು ಎಲ್ಲವನ್ನೂ ಕೊಟ್ಟುಬಿಟ್ಟೆ. ಕಟ್ಟು ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಒಂದೊಂದನ್ನೇ ಮುಗಿಸಿದಳು. ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ.

"ನಿನಗೆ ಬರೀತಾನೆ. ಅವರಿಗೆ ಬರೀತಾನೆ. ಅಧಿಕಾರಿಗಳಿಗೂ ಬರ್ದಿದ್ದಾನಂತೆ. ನೀರಿಗಿಳಿದೋಳು ನಾನು. ನನಗ್ಯಾಕೆ ಒಂದು ಸಾಲೂ ಬರೀಲಿಲ್ಲ?"

ನಿನಗೆ ಬರೆದದ್ದನ್ನೆಲ್ಲ ನಾನೂ ಅವಳಿಂದ ಬಚ್ಚಿಟ್ಟೇ ಬರೆದೆನಲ್ಲ. ಈಗ ಅವಳು ನನ್ನ ಎದುರೇ ಕೂತಿದ್ದಾಳೆ, ನಾನು ಬರೆಯುವುದನ್ನು ನೋಡುತ್ತಿದ್ದಾಳೆ. ಇದಕ್ಕೆ ಉತ್ತರ ನನಗೆ ಬರೆಯಬೇಡ. ಅವಳಿಗೆ ಬರೆ.

ಅಕ್ಕ